ಜೇಬಿನ ಪಿಸ್ತೂಲು: ಆತ್ಮರಕ್ಷಣೆಯ ಲೆಕ್ಕ

ಆಯುಧ ಇಟ್ಟುಕೊಳ್ಳುವ ಹಕ್ಕಿನ ಮಾತು ಬಂತೆಂದರೆ ಬಾಗಲಕೋಟೆ ಸೀಮೆಯವರಿಗೆ ಮೊದಲು ನೆನಪಾಗುವುದು ಹಲಗಲಿ. ಸಿಪಾಯಿ ದಂಗೆಗೆ ಬೆದರಿದ ಕಂಪನಿ ಸರಕಾರ 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆ ತಂದು, ಜನ ತಮ್ಮ ಆಯುಧಗಳನ್ನು ದಾಖಲು ಮಾಡಿಸಬೇಕು, ಪರವಾನಗಿ ಇಲ್ಲದವನ್ನು ಒಪ್ಪಿಸಬೇಕು ಎಂದಿತು. ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಇದಕ್ಕೆ ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಇಂಗ್ಲಿಷರ ದಂಡು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನು, 14ರಂದು ಹಲಗಲಿಯಲ್ಲೇ ಮುಂದಾಳುಗಳಾದ ಜಡಗ, ಬಾಲ ಸೇರಿ ಆರು ಮಂದಿಯನ್ನು ಗಲ್ಲಿಗೇರಿಸಿದರು. ಲಾವಣಿಕಾರರು ಇದನ್ನು ಹಾಡಿ ಉಳಿಸಿದರು. ಶಾಸನ ವಿದ್ವಾಂಸ ಜೆ.ಎಫ್. ಫ್ಲೀಟ್ ಆ ಲಾವಣಿಯನ್ನು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಈ ನೆನಪಿನ ಬಲದ ಮೇಲೆಯೇ ಇಂದೂ ಒಂದು ವಾದ ಕೇಳಿಬರುತ್ತದೆ: ಆಯುಧ ಕಿತ್ತುಕೊಂಡವನು ಪರಕೀಯ, ಹಾಗಾದರೆ ಸ್ವತಂತ್ರ ದೇಶದ ಪ್ರಜೆಯ ಜೇಬಿನಲ್ಲಿ ಒಂದು ಸಣ್ಣ ಪಿಸ್ತೂಲಿದ್ದರೆ ತಪ್ಪೇನು? ಯಾವ ಪಿಸ್ತೂಲು ಒಳ್ಳೆಯದು ಎಂಬ ವಿಚಾರಣೆ ಅದರ ಬೆನ್ನಿಗೇ ಬರುತ್ತದೆ.

ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಆಯುಧದ ಮೇಲೆ ಯಾರಿಗೆ ಅಧಿಕಾರ ಎಂಬುದು ಮೊದಲನೆಯದು, ಅದು ರಾಜಕೀಯದ್ದು. ಜೇಬಿನ ಆಯುಧ ಹೊತ್ತವನನ್ನು ಕಾಯುತ್ತದೆಯೇ ಎಂಬುದು ಎರಡನೆಯದು, ಅದು ಬರಿಯ ಲೆಕ್ಕದ್ದು. ಮೊದಲನೆಯದನ್ನು ನಮ್ಮ ಹಿರಿಯರು ಕಣ್ಣುಮುಚ್ಚಿ ತೀರ್ಮಾನಿಸಲಿಲ್ಲ. ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನು ಕಾಂಗ್ರೆಸ್ಸಿನ 1931ರ ಕರಾಚಿ ನಿರ್ಣಯ ಮೂಲಭೂತ ಹಕ್ಕುಗಳ ಸಾಲಿನಲ್ಲೇ ಇಟ್ಟಿತ್ತು. ಅದನ್ನೇ ಸಂವಿಧಾನದಲ್ಲಿ ಸೇರಿಸಬೇಕೆಂದು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ ತಿದ್ದುಪಡಿ ತಂದರು. ಅಂಬೇಡ್ಕರರು ಒಪ್ಪಲಿಲ್ಲ, ಸಭೆ ಕೈಬಿಟ್ಟಿತು. ಸಂವಿಧಾನದ 19ನೇ ವಿಧಿ ಕೊಟ್ಟದ್ದು ಶಾಂತವಾಗಿ, ಆಯುಧವಿಲ್ಲದೆ ಸಭೆ ಸೇರುವ ಹಕ್ಕನ್ನು. 1959ರಲ್ಲಿ ನಮ್ಮದೇ ಸಂಸತ್ತು ಹೊಸ ಆಯುಧ ಕಾಯ್ದೆ ಮಾಡಿತು. ಹಲಗಲಿಯವರ ಮೇಲೆ ಹೇರಿದ ಕಾಯ್ದೆಗೂ ಇದಕ್ಕೂ ಇರುವ ಅಂತರ ಇಷ್ಟೇ, ಆದರೆ ದೊಡ್ಡದು: ಇದನ್ನು ಚರ್ಚಿಸಿ ಬರೆದವರು ನಾವು ಆರಿಸಿ ಕಳಿಸಿದವರು. ಆದ್ದರಿಂದ ಈ ಅಧ್ಯಾಯದ ಕೆಲಸ ಎರಡನೆಯ ಪ್ರಶ್ನೆಯದು.

ಮೊದಲು ವಸ್ತುವನ್ನೇ ನೋಡೋಣ. ಸಾಮಾನ್ಯ ಪ್ರಜೆಗೆ ನಮ್ಮ ದೇಶದಲ್ಲಿ ಸಿಗುವ ಕೈಬಂದೂಕುಗಳು ಮುಖ್ಯವಾಗಿ .32 ಮತ್ತು .22 ಅಳತೆಯವು, ಸೈನ್ಯ, ಪೊಲೀಸರು ಬಳಸುವ 9 ಮಿ.ಮೀ. ಅಳತೆ ನಿಷಿದ್ಧ ವರ್ಗದ್ದು. ದೆಹಲಿಯ 2012ರ ಅತ್ಯಾಚಾರ ಪ್ರಕರಣದ ತರುವಾಯ, 2014ರಲ್ಲಿ, ಕಾನ್ಪುರದ ಸರಕಾರಿ ಕಾರ್ಖಾನೆ 'ನಿರ್ಭೀಕ್' ಎಂಬ ರಿವಾಲ್ವರನ್ನು ಹೆಂಗಸರ ಕೈಚೀಲಕ್ಕೆಂದೇ ಮಾರುಕಟ್ಟೆಗೆ ತಂದಿತು. ಸುಮಾರು 500 ಗ್ರಾಂ ತೂಕ, ಆರು ಗುಂಡು, ಆಗಿನ ಬೆಲೆ 1,22,360 ರೂಪಾಯಿ. ಹಗುರ ಎಂಬುದೇ ಅದರ ಹೆಗ್ಗಳಿಕೆ. ಜೇಬಿನ ಬಂದೂಕಿನ ಒಳತೊಡಕೂ ಇಲ್ಲಿಯೇ ಇದೆ. ಒಂದೇ ಗುಂಡನ್ನು ಅರ್ಧ ತೂಕದ ಬಂದೂಕಿನಿಂದ ಹಾರಿಸಿದರೆ ಅದು ಕೈಗೆ ಕೊಡುವ ಒದೆತದ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನಳಿಗೆ ಮೊಟಕಾದಷ್ಟೂ ಮುಂದಿನ ಮತ್ತು ಹಿಂದಿನ ಗುರಿಗುರುತುಗಳ ನಡುವಿನ ಅಂತರ ಕಿರಿದಾಗುತ್ತದೆ. ಕಣ್ಣಿನ ಅಲ್ಪ ತಪ್ಪೂ ಹತ್ತು ಹೆಜ್ಜೆ ಆಚೆ ಹಿರಿದಾಗಿ ಕಾಣುತ್ತದೆ. ಹಿಡಿ ಚಿಕ್ಕದಾದರೆ ಕಿರುಬೆರಳಿಗೆ ಆಸರೆಯಿಲ್ಲ. ರಿವಾಲ್ವರು ಸರಳ, ಕೆಡುವುದು ಕಡಿಮೆ, ಆದರೆ ಅದರ ಕುದುರೆ ಎಳೆಯಲು ಬಲ ಬೇಕು. ಪಿಸ್ತೂಲು ಚಪ್ಪಟೆಯಾಗಿ ಜೇಬಿಗೆ ಹೊಂದುತ್ತದೆ, ಆದರೆ ಹಿಡಿತ ಸಡಿಲವಾದರೆ ಖಾಲಿ ತೋಟಾ ಒಳಗೇ ಸಿಕ್ಕಿಕೊಂಡೀತು. ಅಂದರೆ ಹೊರಲು ಯಾವುದು ಹಗುರವೋ ಹಾರಿಸಲು ಅದೇ ಕಷ್ಟ. ಪಳಗಿದ ಕೈಗೆ ಮಾತ್ರ ಒಗ್ಗುವ ಸಾಧನವನ್ನು ಪಳಗದ ಕೈಗೆ ಮಾರುವ ವ್ಯಾಪಾರ ಇದು.

ಇನ್ನು ಹೊತ್ತಿನ ಲೆಕ್ಕ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟುಲ್ಲರ್ 1983ರಲ್ಲಿ ಒಂದು ಸರಳ ಪರೀಕ್ಷೆಯ ಫಲ ಬರೆದರು: ಚಾಕು ಹಿಡಿದವನು 21 ಅಡಿ ದೂರದಿಂದ ಓಡಿಬಂದು ಮೈಮೇಲೆ ಬೀಳಲು ಸುಮಾರು ಒಂದೂವರೆ ಸೆಕೆಂಡು ಸಾಕು. ನಡುಪಟ್ಟಿಯ ಒರೆಯಿಂದ ಬಂದೂಕು ಎಳೆದು ಹಾರಿಸಲು ತರಬೇತಾದ ಪೊಲೀಸನಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಪ್ಯಾಂಟಿನ ಜೇಬಿನ ತಳದಲ್ಲೋ ಕೈಚೀಲದ ಕೀಲಿಗೊಂಚಲಿನ ಕೆಳಗೋ ಇರುವುದಕ್ಕೆ ಇನ್ನೆಷ್ಟು? ಹಾರಿಸಿದ್ದೆಲ್ಲ ತಾಗುತ್ತದೆಂದೂ ಇಲ್ಲ. ರ‍್ಯಾಂಡ್ ಸಂಸ್ಥೆಯ 2008ರ ವರದಿಯ ಪ್ರಕಾರ, 1998ರಿಂದ 2006ರವರೆಗೆ ಎದುರಾಳಿಯೂ ಗುಂಡು ಹಾರಿಸುತ್ತಿದ್ದ ಪ್ರಸಂಗಗಳಲ್ಲಿ ನ್ಯೂಯಾರ್ಕ್ ಪೊಲೀಸರ ಗುಂಡುಗಳಲ್ಲಿ ಗುರಿ ಮುಟ್ಟಿದ್ದು ಶೇಕಡ 18. ಸಂಬಳ ಕೊಟ್ಟು ಪಳಗಿಸಿದ ಕೈಗಳ ಕಥೆಯೇ ಇದು. ಉಳಿದ ಗುಂಡುಗಳು ಎಲ್ಲಿಯೋ ಹೋಗಿ ನಾಟಲೇಬೇಕು. ಇಳಕಲ್ಲಿನ ಸೀರೆ ಪೇಟೆಯಲ್ಲಿ, ಬನಶಂಕರಿ ಜಾತ್ರೆಯ ಸಂದಣಿಯಲ್ಲಿ, ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ಆ 'ಎಲ್ಲಿಯೋ' ಎಂಬುದಕ್ಕೆ ಒಬ್ಬರ ಮುಖ ಇದ್ದೇ ಇರುತ್ತದೆ.

ಕಾನೂನಿನ ಲೆಕ್ಕವೂ ಹೀಗೇ ಬಿಗಿ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಪೊಲೀಸ್ ವರದಿ, ವೈದ್ಯರ ಪ್ರಮಾಣಪತ್ರ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು. ಪರವಾನಗಿಯ ತೀರ್ಮಾನ ಜಿಲ್ಲಾ ದಂಡಾಧಿಕಾರಿಯಾದ ಡಿ.ಸಿ.ಯವರದು. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಸಲ್ಲದು, ಪರವಾನಗಿ ಇಲ್ಲದೆ ಇಟ್ಟುಕೊಂಡರೆ ಎರಡರಿಂದ ಐದು ವರ್ಷ ಸೆರೆ. ಹಿಂಬಾಗಿಲಿನಿಂದ ಬರುವ ನಾಡಪಿಸ್ತೂಲು ಅಗ್ಗವೆನ್ನುವವರು ಈ ಐದು ವರ್ಷವನ್ನೂ ಬೆಲೆಗೆ ಸೇರಿಸಿಕೊಳ್ಳಬೇಕು. 2016ರ ಆಯುಧ ನಿಯಮಗಳು ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಒರೆಯಲ್ಲಿದ್ದು ಪೂರ್ತಿ ಮುಚ್ಚಿರಬೇಕು ಎನ್ನುತ್ತವೆ. ಮದುವೆ ಮೆರವಣಿಗೆಯಲ್ಲಿ ಝಳಪಿಸುವುದು ಅಪರಾಧ. ಕೊನೆಗೆ ಹಾರಿಸಿದ ಮೇಲಿನ ಮಾತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ 34ರಿಂದ 44ನೇ ಕಲಮುಗಳಲ್ಲಿ ಆತ್ಮರಕ್ಷಣೆಯ ಹಕ್ಕನ್ನು ಒಪ್ಪುತ್ತದೆ, ಆದರೆ ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಸರಕಾರದ ನೆರವು ಪಡೆಯಲು ವೇಳೆ ಇದ್ದಾಗ ಆ ಹಕ್ಕೇ ಇಲ್ಲ ಎಂಬ ಎರಡು ಗೆರೆ ಎಳೆದಿದೆ. ಸರ ಕಿತ್ತು ಓಡುವವನ ಬೆನ್ನಿಗೆ ಹೊಡೆದವನು ಈ ಗೆರೆಯ ಯಾವ ಬದಿ ನಿಲ್ಲುತ್ತಾನೆ ಎಂಬುದನ್ನು ಒಂದೂವರೆ ಸೆಕೆಂಡಿನಲ್ಲಿ ತಾನೇ ತೀರ್ಮಾನಿಸಬೇಕು; ಅದು ಸರಿಯೇ ಎಂದು ನೋಡಲು ನ್ಯಾಯಾಲಯಕ್ಕೆ ವರ್ಷಗಟ್ಟಲೆ ಹೊತ್ತಿದೆ.

ಬಂದೂಕು ಹಾರುವ ಕ್ಷಣ ಬಾಳಿನಲ್ಲಿ ಬಂದರೆ ಒಮ್ಮೆ. ಅದು ಮನೆಯ ಕಪಾಟಿನಲ್ಲಿರುವುದು ದಿನವೂ. ಆರ್ಥರ್ ಕೆಲ್ಲರ್‌ಮನ್ ತಂಡ 1993ರಲ್ಲಿ ಅಮೆರಿಕದ ಮೂರು ಕೌಂಟಿಗಳ ಕೊಲೆ ಪ್ರಕರಣಗಳನ್ನು ಅಭ್ಯಸಿಸಿ, ಬಂದೂಕಿದ್ದ ಮನೆಗಳಲ್ಲಿ ಕೊಲೆಯಾಗುವ ಸಂಭವ 2.7 ಪಟ್ಟು ಎಂದಿತು. ಕೊಲೆಯ ಭಯ ಇದ್ದವರೇ ಬಂದೂಕು ಕೊಂಡಿರಬಹುದಲ್ಲ ಎಂದು ಟೀಕಾಕಾರರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ 2020ರಲ್ಲಿ ಪ್ರಕಟವಾದ ಡೇವಿಡ್ ಸ್ಟಡ್ಡರ್ಟ್ ತಂಡದ ಅಧ್ಯಯನ ಕ್ಯಾಲಿಫೋರ್ನಿಯಾದ ಎರಡೂವರೆ ಕೋಟಿಗೂ ಹೆಚ್ಚು ವಯಸ್ಕರನ್ನು 2004ರಿಂದ 2016ರವರೆಗೆ ಹಿಂಬಾಲಿಸಿ ಬೇರೊಂದು ಸಂಗತಿ ತೋರಿಸಿತು: ಕೈಬಂದೂಕು ಹೊಂದಿದ ಗಂಡಸರು ಗುಂಡಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಉಳಿದವರ ಸುಮಾರು 8 ಪಟ್ಟು, ಹೆಂಗಸರದು ಸುಮಾರು 35 ಪಟ್ಟು. ಹೊರಗಿನ ಕಳ್ಳನ ಭಯ ಈ ಅಂಕಿಯನ್ನು ವಿವರಿಸಲಾರದು. ಅಮೆರಿಕದ ಅಂಕಿ ನಮಗೆ ಹಾಗೆಯೇ ಅನ್ವಯಿಸದು ಎಂದರೆ ಒಪ್ಪೋಣ. ಆದರೆ ಸಾಲ, ಬರ, ಮನೆಜಗಳಗಳ ಒಂದು ಕೆಟ್ಟ ರಾತ್ರಿಯಲ್ಲಿ ಮರುಯೋಚನೆಗೆ ಎಡೆ ಕೊಡದ ಸಾಧನ ಕೈಗೆಟಕುವಂತಿರಬಾರದು ಎಂಬ ತರ್ಕಕ್ಕೆ ದೇಶದ ಗಡಿ ಇಲ್ಲ.

ಪ್ರಬಲವಾದ ಆಕ್ಷೇಪ ಬೇರೆಯದು. ಊರಿಂದ ದೂರದ ಹೊಲಮನೆಗೆ ನುಗ್ಗಿದವನನ್ನು ಪೊಲೀಸರು ಬರುವವರೆಗೆ ತಡೆಯುವವರಾರು? ಸಾಧುವಿಗೆ ಸಾಧು, ಬಾಧಿಸುವ ಕಲಿಗೆ ಕಲಿಯುಗ ವಿಪರೀತ ಎಂದು ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನನ್ನು ಹೊಗಳಿ ಬರೆದ ನಾಡು ಇದು, ಇಲ್ಲಿ ಬಗ್ಗಿ ಬದುಕು ಎನ್ನುವುದು ಉಪದೇಶವಾಗದು. ಉಪದೇಶ ಹಾಗಿಲ್ಲ. ಕಾವಲು ಬೇಕು, ಯಾವ ಕಾವಲು ಕೆಲಸ ಮಾಡಿದೆ ಎಂದು ನೋಡಬೇಕು. ಹುನಗುಂದ ಸೀಮೆಯ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘ ಶತಮಾನಗಳ ಕಾಲ ದಕ್ಷಿಣ ಭಾರತದುದ್ದಕ್ಕೂ ಸರಕು ಸಾಗಿಸಿತು. ಆ ಸಂಘ ಸರಕಿನ ಕಾವಲಿಗೆ ಆಯುಧ ಪಳಗಿದ ಭಟರನ್ನು ಇಟ್ಟುಕೊಂಡಿತ್ತು. ಗುಂಪಾಗಿ ಸಾಗುವುದು ಅದರ ಕ್ರಮ. ಇಂದಿನ ಹೊಲಮನೆಗೂ ಅದೇ ಸೂತ್ರ: ಗಟ್ಟಿ ಕದ, ದೀಪ, ನಾಯಿ, ಕೂಗಿದರೆ ಓಗೊಡುವ ನೆರೆ, ಹಣ ಸಾಗಿಸುವಾಗ ಜೊತೆ, 112ಕ್ಕೆ ಕರೆ. ಇವು ದಾಳಿಕೋರ ಹತ್ತಿರ ಬರುವ ಮೊದಲೇ ಕೆಲಸ ಮಾಡುತ್ತವೆ, ಜೇಬಿನ ಬಂದೂಕಿನ ಕೆಲಸ ಶುರುವಾಗುವುದೇ ಇವೆಲ್ಲ ಸೋತ ಮೇಲೆ.

ಹಾಗಿದ್ದೂ ನಿಜವಾದ, ಹೆಸರಿಟ್ಟು ಹೇಳಬಲ್ಲ ಜೀವಬೆದರಿಕೆ ಇರುವವರು ಕೆಲವರಿದ್ದಾರೆ; ಕಾನೂನು ಪರವಾನಗಿಯ ಬಾಗಿಲು ತೆರೆದಿಟ್ಟಿರುವುದು ಅವರಿಗಾಗಿ. ಅಂಥವರಿಗೆ ಆಯ್ಕೆಯ ಸೂತ್ರ ಅಂಗಡಿಯ ಮಾತಿಗೆ ವಿರುದ್ಧ: ಜೇಬಿಗೆ ಹೊಂದುವ ಚಿಕ್ಕದನ್ನು ಬಿಟ್ಟು, ಕೈಗೆ ಹೊಂದುವ, ನಿಯಮಿತವಾಗಿ ಅಭ್ಯಾಸ ಮಾಡಲಾಗುವ, ಮನೆಯಲ್ಲಿ ಬೀಗ ಹಾಕಿ ಇಡಲಾಗುವ ತೂಕದ್ದನ್ನು ಆರಿಸಬೇಕು. ಅಭ್ಯಾಸಕ್ಕೂ ಬೀಗಕ್ಕೂ ಸಿದ್ಧರಿಲ್ಲದವರು ಆ ತೂಕ ಹೊರದಿರುವುದೇ ಕ್ಷೇಮ. ಹಲಗಲಿಯ ಹೆಸರನ್ನು ಈ ಸಾಲಿಗೆ ಎಳೆದು ತರುವವರು ಒಂದನ್ನು ಮರೆಯುತ್ತಾರೆ. ಬೇಟೆಯ ಕುಲದ ಅವರಿಗೆ ಆಯುಧ ದಿನದಿನದ ಕಸುಬು, ಊರಿಗೆಲ್ಲ ಕಾಣುವ ಗುರುತು. ಪಳಗುವಿಕೆ ಹುಟ್ಟಿನೊಂದಿಗೇ ಬರುತ್ತಿತ್ತು. ಅಂಥ ಕೈಗಳೂ ಒಂದು ದಂಡಿನ ಮುಂದೆ ಊರನ್ನು ಉಳಿಸಿಕೊಳ್ಳಲಾಗಲಿಲ್ಲ. ಅವರ ಹಟ ನಮಗೆ ಹೆಮ್ಮೆ. ಪಳಗದ ಕೈಯ ಜೇಬಿನಲ್ಲಿ ಮಲಗಿದ ಪಿಸ್ತೂಲಿಗೆ ಆ ಹೆಮ್ಮೆಯಲ್ಲಿ ಪಾಲಿಲ್ಲ.