ಚರ್ಮ ಸುಲಿಯುವ ಔಷಧಿಗಳು

ಔಷಧಿಯಿಂದ ಮೈಮೇಲೆ ಏಳುವ ದದ್ದುಗಳಲ್ಲಿ ಬಹುಪಾಲು ನಾಲ್ಕಾರು ದಿನ ಕಾಡಿ, ಔಷಧಿ ನಿಲ್ಲಿಸಿದ ಮೇಲೆ ತಾವಾಗಿ ಮಾಯುವಂಥವು. ಆದರೆ ಅಪರೂಪಕ್ಕೆ ಕೆಲವು ಹೊರಚರ್ಮವನ್ನೇ ಸುಟ್ಟಗಾಯದಂತೆ ಕಳಚಿಹಾಕಿ ಪ್ರಾಣಕ್ಕೆ ಎರವಾಗುತ್ತವೆ. 1922ರಲ್ಲಿ ಅಮೆರಿಕದ ವೈದ್ಯರಾದ ಸ್ಟೀವನ್ಸ್ ಮತ್ತು ಜಾನ್ಸನ್, ಜ್ವರ, ಬಾಯಿಹುಣ್ಣು, ಕಣ್ಣಿನ ಉರಿಯೂತಗಳೊಡನೆ ದದ್ದೆದ್ದ ಇಬ್ಬರು ಬಾಲಕರ ವಿವರ ಪ್ರಕಟಿಸಿದ್ದರಿಂದ ಈ ಕಾಯಿಲೆಗೆ ಅವರ ಹೆಸರೇ ನಿಂತಿತು. 1956ರಲ್ಲಿ ಸ್ಕಾಟ್ಲೆಂಡಿನ ಚರ್ಮವೈದ್ಯ ಅಲನ್ ಲಯೆಲ್ ಇದರ ಉಗ್ರರೂಪವನ್ನು ವರ್ಣಿಸಿ ಟಾಕ್ಸಿಕ್ ಎಪಿಡರ್ಮಲ್ ನೆಕ್ರೋಲೈಸಿಸ್, ಅಂದರೆ ಹೊರಚರ್ಮ ಸತ್ತು ಬೇರ್ಪಡುವ ಸ್ಥಿತಿ, ಎಂದು ಕರೆದರು. ಇಂದು ಎರಡನ್ನೂ ಒಂದೇ ರೋಗದ ಹಂತಗಳೆಂದು ಎಣಿಸಲಾಗುತ್ತದೆ: ಸುಲಿದ ಭಾಗ ಮೈಯ ಶೇ. 10ಕ್ಕಿಂತ ಕಡಿಮೆಯಿದ್ದರೆ ಮೊದಲನೆಯದು, ಶೇ. 30 ಮೀರಿದರೆ ಎರಡನೆಯದು, ಅದರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ. ಬದುಕಿ ಉಳಿದವರಲ್ಲೂ ಕಣ್ಣಿನ ಮೇಲ್ಪದರ ಗಾಯಗೊಂಡು ದೃಷ್ಟಿ ಮಂದವಾಗುವುದುಂಟು.

ರೋಗಾಣುಗಳನ್ನು ಕೊಲ್ಲಬೇಕಾದ ಟಿ ಕೋಶಗಳು, ಔಷಧಿಯ ಅಣು ಅಂಟಿಕೊಂಡ ಸ್ವಂತ ಜೀವಕೋಶಗಳನ್ನೇ ಶತ್ರುವೆಂದು ಬಗೆದು ಗ್ರ್ಯಾನ್ಯುಲೈಸಿನ್ ಎಂಬ ಮಾರಕ ಪ್ರೋಟೀನನ್ನು ಸುರಿಸುವುದೇ ಇದಕ್ಕೆ ಮುಖ್ಯ ಕಾರಣ. ಯಾರಲ್ಲಿ ಹೀಗಾಗುತ್ತದೆಂಬುದು ಅಂಶತಃ ಹುಟ್ಟಿನಿಂದಲೇ ಬಂದದ್ದು. ಮೂರ್ಛೆರೋಗದ ಕಾರ್ಬಮಜೆಪಿನ್‌ಗೂ ಎಚ್‌ಎಲ್‌ಎ-ಬಿ 1502 ಎಂಬ ಆನುವಂಶಿಕ ಗುರುತಿಗೂ ಇರುವ ನಂಟನ್ನು ತೈವಾನಿನ ಸಂಶೋಧಕರು 2004ರಲ್ಲಿ ತೋರಿಸಿದರು.

ಇದಕ್ಕೆ ಕಾರಣವಾಗುವ ಔಷಧಿಗಳೇನೂ ಅಪೂರ್ವವಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್, ಯೂರಿಕ್ ಆಮ್ಲ ಹೆಚ್ಚಿದಾಗ ಕೊಡುವ ಅಲೋಪ್ಯೂರಿನಾಲ್, ಸಲ್ಫಾ ಗುಳಿಗೆ, ಕೆಲವು ನೋವುನಿವಾರಕಗಳು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿಯೂ ಬೇರೆಡೆಯಂತೆಯೇ ನಿತ್ಯಬಳಕೆಯವು. 2004ರಲ್ಲಿ ಸರಕಾರದ ಉಚಿತ ಎಚ್‌ಐವಿ ಚಿಕಿತ್ಸೆ ಆರಂಭವಾದಾಗ ಮೊದಲ ಸಾಲಿನಲ್ಲಿದ್ದ ನೆವಿರಪಿನ್ ಕೂಡ ಇದೇ ಗುಂಪಿನದು. ಅದನ್ನು ಮೊದಲ ಹದಿನಾಲ್ಕು ದಿನ ಅರ್ಧ ಪ್ರಮಾಣದಲ್ಲಿ ಕೊಡುತ್ತಿದ್ದುದು ಚರ್ಮದ ಈ ಭಯದಿಂದಲೇ.

ಮನೆಯವರು ಎಡವುವುದು ಹೆಚ್ಚಾಗಿ ದಿನದ ಲೆಕ್ಕದಲ್ಲಿ. ಪ್ರತಿಕ್ರಿಯೆ ಸಾಮಾನ್ಯವಾಗಿ ಔಷಧಿ ಶುರುಮಾಡಿದ ಒಂದರಿಂದ ನಾಲ್ಕು ವಾರಗಳ ನಡುವೆ ಕಾಣಿಸಿಕೊಳ್ಳುವುದರಿಂದ, ಮೊದಲ ಜ್ವರಕ್ಕೆಂದು ನಿನ್ನೆ ನುಂಗಿದ ಗುಳಿಗೆಯ ಮೇಲೆ ತಪ್ಪು ಹೊರಿಸಿ, ಹದಿನೈದು ದಿನಗಳಿಂದ ನಡೆಯುತ್ತಿರುವ ನಿಜವಾದ ಅಪರಾಧಿಯನ್ನು ಮುಂದುವರಿಸಲಾಗುತ್ತದೆ. ದಡಾರವೆಂದೋ ಅಮ್ಮ ಬಂದಿದ್ದಾಳೆಂದೋ ಕಾಯ್ದರೆ ಇನ್ನಷ್ಟು ದಿನ ಕಳೆಯುತ್ತದೆ. ಗುಳ್ಳೆ ಏಳುವ ಮೊದಲೇ ಔಷಧಿ ನಿಲ್ಲಿಸಿದರೆ, ದೇಹದಿಂದ ಬೇಗ ಹೊರಹೋಗುವ ಔಷಧಿಗಳ ವಿಷಯದಲ್ಲಿ, ಒಂದೊಂದು ದಿನಕ್ಕೂ ಸಾವಿನ ಅಪಾಯ ಸುಮಾರು ಶೇ. 30ರಷ್ಟು ತಗ್ಗುತ್ತದೆಂದು 2000ನೇ ಇಸವಿಯ ಅಧ್ಯಯನವೊಂದು ಹೇಳಿದೆ. ನಿಲ್ಲಿಸಬೇಕಾದರೆ ಹೆಸರು ಗೊತ್ತಿರಬೇಕು. ಗುಳಿಗೆಯ ಹಾಳೆಯಿಂದ ಹೆಸರಿಲ್ಲದ ಅರ್ಧವನ್ನು ಕತ್ತರಿಸಿ ಕಾಗದದಲ್ಲಿ ಸುತ್ತಿಕೊಡುವ ರೂಢಿಗಿಂತ ಅಪಾಯಕರವಾದುದು ಈ ವಿಷಯದಲ್ಲಿ ಬೇರೊಂದಿಲ್ಲ.

ಕ್ಯಾನ್ಸರ್ ಔಷಧಿಗಳಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಜೆಫಿಟಿನಿಬ್, ಎರ್ಲೋಟಿನಿಬ್‌ಗಳಿಂದ ಮುಖದ ಮೇಲೆ ಮೊಡವೆಯಂಥ ಗುಳ್ಳೆಗಳು, ಕೆಪೆಸಿಟಬಿನ್‌ನಿಂದ ಅಂಗೈ ಅಂಗಾಲು ಕೆಂಪಾಗಿ ಸುಲಿಯುವುದು ನಿರೀಕ್ಷಿತವೇ. ಇವನ್ನು ಅಲರ್ಜಿಯೆಂದು ಬಗೆದು ರೋಗಿ ತಾನೇ ಔಷಧಿ ಬಿಟ್ಟರೆ ಕ್ಯಾನ್ಸರಿಗೆ ಅನುಕೂಲ. ಪ್ರತಿರೋಧಶಕ್ತಿಯನ್ನೇ ಕೆರಳಿಸಿ ಕೆಲಸ ಮಾಡುವ ನಿವೊಲುಮಾಬ್, ಪೆಂಬ್ರೊಲಿಜುಮಾಬ್‌ಗಳಾದರೋ ವಿರಳವಾಗಿ ನಿಜವಾದ ಸುಲಿತವನ್ನೂ ತರುತ್ತವೆ. ಮಿದುಳಿಗೆ ವಿಕಿರಣ ಪಡೆಯುವವರು ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದರೂ ಎಚ್ಚರ ಅಗತ್ಯ. ಹುಬ್ಬಳ್ಳಿ, ಬಾರ್ಶಿ ಅಥವಾ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಊರಿಗೆ ಮರಳಿದವರ ದದ್ದನ್ನು ಮೊದಲು ನೋಡುವವರು ಸ್ಥಳೀಯ ವೈದ್ಯರಾದ್ದರಿಂದ, ಈ ಭೇದದ ಅರಿವು ಅವರಿಗೂ ರೋಗಿಗೂ ಬೇಕು.

ಇನ್ನೊಂದು ಕ್ಯಾನ್ಸರ್ ಔಷಧಿ ಸಂಧಿವಾತ, ಸೋರಿಯಾಸಿಸ್‌ಗಳ ಮೂಲಕ ಹಳ್ಳಿಮನೆಗಳನ್ನೂ ಸೇರಿದೆ. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ನಡೆಸಿದ ಕೆಲಸದಿಂದ ಮೂಡಿದ ಮೆಥೊಟ್ರೆಕ್ಸೇಟನ್ನು ಈ ಕಾಯಿಲೆಗಳಿಗೆ ವಾರಕ್ಕೊಮ್ಮೆ ಮಾತ್ರ ನುಂಗಬೇಕು. ಚೀಟಿಯನ್ನು ತಪ್ಪಾಗಿ ಓದಿ ದಿನಾಲು ನುಂಗಿದರೆ, ವೇಗವಾಗಿ ಬೆಳೆಯುವ ಕೋಶಗಳನ್ನೆಲ್ಲ ಅದು ನೇರವಾಗಿ ಕೊಲ್ಲುವುದರಿಂದ ಬಾಯಿ ಹುಣ್ಣಾಗಿ, ಚರ್ಮ ಒಡೆದು, ರಕ್ತಕಣಗಳು ಕುಸಿಯುತ್ತವೆ. ಇದು ಅಲರ್ಜಿಯಲ್ಲ, ಪ್ರಮಾಣದ ದೋಷ. ಫೋಲಿನಿಕ್ ಆಮ್ಲವೆಂಬ ಪ್ರತಿಮದ್ದೂ ಇದೆ.

ಜ್ವರದೊಡನೆ ಮೈ ಉರಿ, ಬಾಯಿ, ಕಣ್ಣು, ಗುಪ್ತಾಂಗಗಳಲ್ಲಿ ಹುಣ್ಣು, ಒತ್ತಿ ಉಜ್ಜಿದರೆ ಜಾರುವ ಚರ್ಮ ಕಂಡಾಗ ತಾಲ್ಲೂಕು ಆಸ್ಪತ್ರೆಯಲ್ಲಿ ದ್ರವ ಕೊಡಿಸಿಕೊಂಡು ವಿಜಯಪುರದ ದೊಡ್ಡ ಆಸ್ಪತ್ರೆ ಸೇರುವುದೇ ಸರಿ. ಬಾಗೇವಾಡಿಯಿಂದ ಅದು ಸುಮಾರು 45 ಕಿ.ಮೀ., ಮುದ್ದೇಬಿಹಾಳದಿಂದ ಸುಮಾರು 80. ಚೇತರಿಸಿಕೊಂಡವರು ಆ ಔಷಧಿಯನ್ನು ಜೀವಮಾನದಲ್ಲಿ ಮತ್ತೆ ಮುಟ್ಟಬಾರದು, ಅದರ ಹೆಸರಿನ ಚೀಟಿ ಸದಾ ಬಳಿಯಲ್ಲಿರಬೇಕು.

ಇಂಥ ಘಟನೆಗಳನ್ನು ದಾಖಲಿಸಲು 2010ರಲ್ಲಿ ಆರಂಭವಾದ ಭಾರತೀಯ ಔಷಧಿ ನಿಗಾ ಕಾರ್ಯಕ್ರಮಕ್ಕೆ ರೋಗಿಗಳೂ ಕನ್ನಡದ ನಮೂನೆಯಲ್ಲಿ ವರದಿ ಸಲ್ಲಿಸಬಹುದು. ಉಚಿತ ದೂರವಾಣಿ 1800-180-3024. ಮುಟ್ಟಿನ ನೋವಿಗೆ ಬಳಸುವ ಮೆಫೆನಮಿಕ್ ಆಮ್ಲದಿಂದ ದದ್ದು, ಜ್ವರಗಳೊಡನೆ ಯಕೃತ್ತಿಗೂ ತಗಲಬಲ್ಲ ಡ್ರೆಸ್ ಎಂಬ ಪ್ರತಿಕ್ರಿಯೆ ಉಂಟಾಗಬಹುದೆಂದು ನವೆಂಬರ್ 2023ರಲ್ಲಿ ದೇಶಕ್ಕೆಲ್ಲ ಎಚ್ಚರಿಕೆ ಹೊರಟದ್ದು ಇಂಥ ವರದಿಗಳ ವಿಶ್ಲೇಷಣೆಯಿಂದಲೇ.