ತೆನೆ ಎಣಿಸಲು ಕಲಿತ ಕ್ಯಾಮೆರಾ

ಚದರ ಮೀಟರಿಗೆ ಎಷ್ಟು ತೆನೆ, ತೆನೆಗೆ ಎಷ್ಟು ಕಾಳು, ಕಾಳು ಎಷ್ಟು ತೂಕ? ಗೋಧಿಯ ಇಳುವರಿ ಈ ಮೂರರ ಲೆಕ್ಕ. ಮೊದಲನೆಯದನ್ನು ತಿಳಿಯಲು ತಳಿ ಸಂಶೋಧಕರು ಪೈರಿನ ನಡುವೆ ಒಂದು ಚೌಕಟ್ಟು ಇಳಿಸಿ, ಬಾಗಿ, ಒಂದೊಂದೇ ತೆನೆ ಮುಟ್ಟಿ ಎಣಿಸುತ್ತ ಬಂದಿದ್ದಾರೆ. ಚೆನ್ನಾಗಿ ತೆಂಡೆ ಒಡೆದ ಹೊಲದಲ್ಲಿ ಚದರ ಮೀಟರಿಗೆ ನಾನೂರು, ಐನೂರು ತೆನೆ ಇರುತ್ತವೆ. ಎಣಿಸಬೇಕಾದ ತಾಕುಗಳೋ ನೂರಾರು. ಸೊಂಟ ಹಿಡಿಯುತ್ತದೆ, ಲೆಕ್ಕ ತಪ್ಪುತ್ತದೆ.

ಈಗ ಬಾಗುವ ಕೆಲಸ ಕ್ಯಾಮೆರಾದ್ದು. 1843ರಲ್ಲಿ ಶುರುವಾದ ಗೋಧಿ ಪ್ರಯೋಗವನ್ನು ಇಂದಿಗೂ ನಡೆಸುತ್ತಿರುವ ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ, ಹಳಿಯ ಮೇಲೆ ಸರಿಯುವ ದೊಡ್ಡ ಕಮಾನು ಕ್ಯಾಮೆರಾಗಳನ್ನು ಹೊತ್ತು ಹೊಲದ ಮೇಲೆ ಹಾಯುತ್ತದೆ. ಜೂರಿಕ್‌ನ ಇಟಿಎಚ್ ಸಂಸ್ಥೆಯ ಹೊಲದಲ್ಲಿ ಕ್ಯಾಮೆರಾ ತಂತಿಗಳಲ್ಲಿ ತೂಗುತ್ತ ಓಡಾಡುತ್ತದೆ.

ಚಿತ್ರ ಸಿಕ್ಕಿತೆಂದರೆ ಎಣಿಕೆ ಸಿಕ್ಕಿತೆಂದಲ್ಲ. ಹೂ ಬಿಡುವಾಗ ಹಸಿರು ಎಲೆಯ ನಡುವೆ ಹಸಿರು ತೆನೆ. ಮಾಗಿದಾಗ ಒಣಹುಲ್ಲಿನ ನಡುವೆ ಹುಲ್ಲಿನದೇ ಬಣ್ಣದ ತೆನೆ. ಒಂದು ತಳಿಗೆ ಉದ್ದ ಮೀಸೆ, ಇನ್ನೊಂದು ಬೋಳು. ಗಾಳಿ ಬೀಸಿದರೆ ಎಲ್ಲ ಕಲಸಿಹೋಗುತ್ತದೆ. ಬಣ್ಣ ನೋಡಿ ಬೇರ್ಪಡಿಸುವ ಹಳೆಯ ಸಾಫ್ಟ್‌ವೇರ್‌ಗಳು ಇಲ್ಲಿ ಎಡವುತ್ತಿದ್ದವು. ಅವುಗಳ ಜಾಗಕ್ಕೆ ಬಂದ ಡೀಪ್ ಲರ್ನಿಂಗ್‌ನಲ್ಲಿ ನಿಯಮ ಹೇಳಿಕೊಡುವುದಿಲ್ಲ, ಉದಾಹರಣೆ ತೋರಿಸುತ್ತಾರೆ: ಇದು ತೆನೆ, ಇದೂ ತೆನೆ. ತೋರಿಸುವವರು ಮಾತ್ರ ಮನುಷ್ಯರೇ. ಪರದೆಯ ಮುಂದೆ ಕೂತು ಪ್ರತಿ ತೆನೆಯ ಸುತ್ತ ಒಂದು ಚೌಕ ಎಳೆಯಬೇಕು.

ಹಾಗೆ ಚೌಕ ಎಳೆದ ಚಿತ್ರಗಳನ್ನು ಹಲವು ದೇಶಗಳ ಸಂಶೋಧಕರು ಒಟ್ಟುಗೂಡಿಸಿ 2020ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಇದೇ ಗ್ಲೋಬಲ್ ವೀಟ್ ಹೆಡ್ ಡೇಟಾಸೆಟ್: ಸುಮಾರು 4,700 ಚಿತ್ರ, 1,90,000 ತೆನೆ. ಅದೇ ವರ್ಷ ಕ್ಯಾಗಲ್ ಜಾಲತಾಣದಲ್ಲಿ ತೆನೆ ಗುರುತಿಸುವ ಸ್ಪರ್ಧೆಯೂ ನಡೆಯಿತು. ಅದರಲ್ಲೊಂದು ಜಾಣತನವಿತ್ತು. ಯಂತ್ರಕ್ಕೆ ಪಾಠ ಯುರೋಪ್ ಮತ್ತು ಕೆನಡಾದ ಹೊಲಗಳದ್ದು. ಪರೀಕ್ಷೆ ಆಸ್ಟ್ರೇಲಿಯಾ, ಜಪಾನ್, ಚೀನಾದ ಹೊಲಗಳದ್ದು.

ಈ ಕಟ್ಟುನಿಟ್ಟು ಏಕೆಂದು ತಿಳಿಯಬೇಕಿದ್ದರೆ ಎಲೆರೋಗದ ಕಥೆ ನೋಡಿ. 2016ರಲ್ಲಿ ಮೊಹಾಂತಿ, ಹ್ಯೂಸ್, ಸಲಾಥೆ ಎಂಬ ಸಂಶೋಧಕರು ಪ್ಲಾಂಟ್‌ವಿಲೇಜ್ ಎಂಬ ಚಿತ್ರಸಂಗ್ರಹದ 54,306 ಎಲೆಚಿತ್ರಗಳಿಂದ ಯಂತ್ರಕ್ಕೆ ರೋಗ ಗುರುತಿಸಲು ಕಲಿಸಿದರು. ಅದೇ ಸಂಗ್ರಹದಿಂದ ಎತ್ತಿಟ್ಟ ಚಿತ್ರಗಳಲ್ಲಿ ಯಂತ್ರ ಪಡೆದದ್ದು ಶೇ 99ಕ್ಕೂ ಹೆಚ್ಚು ಅಂಕ. ಬೇರೆ ಪರಿಸರದಲ್ಲಿ ತೆಗೆದ ಚಿತ್ರ ಕೊಟ್ಟಾಗ ಶೇ 31ರ ಆಸುಪಾಸಿಗೆ ಕುಸಿಯಿತು. ಆ ಕುಸಿತವನ್ನು ಅವರೇ ಪ್ರಬಂಧದಲ್ಲಿ ಬರೆದಿದ್ದಾರೆ. ಉಲ್ಲೇಖಿಸುವವರು ಮಾತ್ರ 99ನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ.

ತೆನೆ ಎಣಿಕೆಗೆ ಬೇರೆ ಮಿತಿಗಳೂ ಇವೆ. ಕ್ಯಾಮೆರಾ ಮೇಲಿನಿಂದ ನೋಡುವುದರಿಂದ ಎಲೆಯಡಿ ಅಡಗಿದ ತೆನೆ ಲೆಕ್ಕಕ್ಕೆ ಸಿಗದು. ಕಾಳು ಎಷ್ಟು ತುಂಬಿದೆ ಎಂಬುದಂತೂ ಎಣಿಕೆಯಲ್ಲಿ ಬರುವ ಮಾತೇ ಅಲ್ಲ.

2021ರಲ್ಲಿ ಗೋಧಿ ತೆನೆಗಳ ಆ ಸಂಗ್ರಹಕ್ಕೆ ಮೆಕ್ಸಿಕೊ, ಅಮೆರಿಕ, ಸುಡಾನ್, ನಾರ್ವೆ, ಬೆಲ್ಜಿಯಂನ ಚಿತ್ರಗಳೂ ಸೇರಿದವು. ತೆನೆಗಳ ಸಂಖ್ಯೆ 2,75,000 ದಾಟಿತು. ಗೋಧಿ ಬೆಳೆಯುವುದರಲ್ಲಿ ಜಗತ್ತಿನಲ್ಲೇ ಎರಡನೆಯದಾದ ಭಾರತ ಆ ಪಟ್ಟಿಯಲ್ಲಿಲ್ಲ. ಧಾರವಾಡ, ವಿಜಯಪುರದ ಕಡೆ ಹಿಂಗಾರಿಯಲ್ಲಿ ಬೆಳೆಯುವ ಗೋಧಿಯ ನೆಲ ಬಿರುಕು ಬಿಟ್ಟ ಕರಿಮಣ್ಣು, ಪೈರು ವಿರಳ. ಜವೆ ಗೋಧಿಯ ತೆನೆಯ ಆಕಾರವೇ ಬೇರೆ. ಫ್ರಾನ್ಸಿನ ದಟ್ಟ ಹೊಲ ನೋಡಿ ಕಲಿತ ಯಂತ್ರವನ್ನು ಇಲ್ಲಿಗೆ ತಂದರೆ, ಮೊದಲು ನಮ್ಮವರೇ ಯಾರಾದರೂ ಕೂತು ನಮ್ಮ ತೆನೆಗಳ ಸುತ್ತ ಚೌಕ ಎಳೆಯಬೇಕಾದೀತು.