ಅವಳಿಗಳಿಗೆ ಅರ್ಧರ್ಧ ಪಾಲೇ?

ಪ್ರಶ್ನೆ: ಮಗಳ ಹೊಟ್ಟೆಯಲ್ಲಿ ಅವಳಿ ಇವೆ. ತಾಯಿಯ ರೋಗನಿರೋಧಕ ಶಕ್ತಿ ಇಬ್ಬರಿಗೂ ಅರ್ಧರ್ಧವೇ?
– ಓದುಗರು, ಮಾದನಹಿಪ್ಪರಗಾ

ಉತ್ತರ: ಇದು ಹೊಲ ಪಾಲು ಮಾಡಿದ ಹಾಗಲ್ಲ. ತಾಯಿಯ ರಕ್ತದಲ್ಲಿರುವ ಐಜಿಜಿ ಎಂಬ ಪ್ರತಿಕಾಯಗಳನ್ನು ಮಾಸಿನ ಜೀವಕೋಶಗಳೇ ಹಿಡಿದು ಮಗುವಿನ ಕಡೆಗೆ ದಾಟಿಸುತ್ತವೆ. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಇವು ಎಷ್ಟೋ ಸಲ ತಾಯಿಗಿಂತ ಹೆಚ್ಚೇ ಇರುತ್ತವೆ. ಅವಳಿಗಳ ತೊಡಕು ಬೇರೆ: ಬಹುಪಾಲು ಪ್ರತಿಕಾಯ ದಾಟುವುದು ಕೊನೆಯ ವಾರಗಳಲ್ಲಿ, ಅವಳಿಗಳೋ ಬಹಳ ಸಲ 37 ವಾರ ತುಂಬುವ ಮೊದಲೇ ಹುಟ್ಟಿಬಿಡುತ್ತವೆ.

ತಾಯಿಯಲ್ಲಿ ಇಲ್ಲದ್ದು ಮಕ್ಕಳಿಗೂ ದಕ್ಕದು. ಅದಕ್ಕೇ ಬಸುರಿಗೆ ಧನುರ್ವಾಯು ತಡೆಯುವ ಟಿಡಿ ಚುಚ್ಚುಮದ್ದು. ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲವಾಯಿತೆಂದು 2015ರಲ್ಲಿ ಘೋಷಣೆಯಾಗಿದ್ದರಲ್ಲಿ ತಾಯಂದಿರ ಲಸಿಕೆಯ ಪಾಲು ದೊಡ್ಡದು. ತಾಯಿ ಕಾರ್ಡಿನಲ್ಲಿ ಎರಡೂ ಡೋಸ್ ಬರೆದಿದೆಯೇ ನೋಡಿ. ಹೆರಿಗೆಯಾದ ಮೇಲಿನ ಹಳದಿ ಹಾಲಿನಲ್ಲೂ ಪ್ರತಿಕಾಯಗಳಿವೆ. ಅದನ್ನು ಹಿಂಡಿ ಚೆಲ್ಲುವ ಅಜ್ಜಿಯರು ಇನ್ನೂ ಇದ್ದಾರೆ; ಚೆಲ್ಲಗೊಡಬೇಡಿ, ಇಬ್ಬರಿಗೂ ಕುಡಿಸಿ.